ಹೊಡೆಯುವುದು ಗಂಡ, ಕಲಸುವುದು ನಾನು

(ಈ ಸಂಚಿಕೆಯ ಪ್ರಶ್ನೆಗಳಿಗೆ ಉತ್ತರಿಸಿರುವವರು ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ 31 ವರ್ಷ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತರಾದವರು.)

ಪ್ರಶ್ನೆ: ನಮ್ಮದು ಮೂರು ಎಕರೆ ಮೆಕ್ಕೆಜೋಳ. ಸುಳಿಯಲ್ಲಿ ಸೈನಿಕ ಹುಳು ಬಿದ್ದು ಈ ಮಳೆಗಾಲದಲ್ಲಿ ಎರಡು ಸಲ ಔಷಧಿ ಹೊಡೆದೆವು. ಕೃಷಿ ಹೊಂಡದಿಂದ ನೀರು ಹೊರುವುದು, ಔಷಧಿ ಅಳೆದು ಬಕೆಟ್ಟಿನಲ್ಲಿ ಕಲಸಿ ಕ್ಯಾನಿಗೆ ತುಂಬುವುದು ನನ್ನ ಕೆಲಸ. ಹೊಡೆಯುವುದು ಯಜಮಾನರು. ನನಗೀಗ ನಾಲ್ಕು ತಿಂಗಳು. ಔಷಧಿ ಕಲಸಿದ ದಿನ ಸಂಜೆ ತಲೆ ಸಿಡಿಯುತ್ತದೆ, ಓಕರಿಕೆ ಬರುತ್ತದೆ, ಕೈ ಉರಿಯುತ್ತದೆ. ಬಸುರಿಗೆ ಇದೆಲ್ಲ ಇದ್ದದ್ದೇ ಎನ್ನುತ್ತಾರೆ ಅತ್ತೆ. ವೈದ್ಯರಿಗೆ ತೋರಿಸಿದಾಗ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು. ಹೊಡೆಯುವವರು ಅವರು, ನನಗೂ ಅದರಿಂದ ತೊಂದರೆ ಆಗುತ್ತದೆಯೇ?
– ಹೆಸರು ಬೇಡ, ಜಗಳೂರು ತಾಲ್ಲೂಕು

ಉತ್ತರ: ಆಗುತ್ತದೆ, ತಂಗಿ. ಇನ್ನು ಒಂದು ದಿನವೂ ಕಲಸಬೇಡಿ. ಈ ಸಾಲನ್ನು ನಿಮ್ಮ ಯಜಮಾನರಿಗೂ ಅತ್ತೆಗೂ ಓದಿ ಹೇಳಿ, ಆಮೇಲೆ ಮುಂದಿನದನ್ನು ಓದಿ.

ಅವರ ಬೆನ್ನ ಮೇಲಿನ ಕ್ಯಾನಿನಲ್ಲಿರುವುದು ನೀರಿನಲ್ಲಿ ಬೆರೆತದ್ದು. ನಿಮ್ಮ ಬೆರಳಿಗೆ ತಗಲುವುದು ಡಬ್ಬದಿಂದ ಬಂದ ಅಪ್ಪಟ ವಿಷ. ಅದು ಮೂಗು, ಬಾಯಿಂದ ಮಾತ್ರ ಒಳಗೆ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಚರ್ಮದಿಂದಲೂ ಇಳಿಯುತ್ತದೆ, ಒದ್ದೆ ಬಟ್ಟೆ ಮೈಗೆ ಅಂಟಿಕೊಂಡಿದ್ದರೆ ಇನ್ನೂ ಹೆಚ್ಚು ಇಳಿಯುತ್ತದೆ. ನಮ್ಮ ಕಡೆ ಅದನ್ನು ಔಷಧಿ ಎನ್ನುತ್ತೇವೆ, ಎಣ್ಣೆ ಎನ್ನುತ್ತೇವೆ. ಔಷಧಿ ಎಂದ ಮೇಲೆ ಹೆದರುವುದು ಹೇಗೆ? ಮನೆಯಲ್ಲಿ ಇಂದಿನಿಂದ ವಿಷ ಎಂದೇ ಕರೆಯಿರಿ. ಮಕ್ಕಳೂ ದೂರ ಇರುತ್ತಾರೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಹತ್ತಿ ಹೊಲದಿಂದ ಒಬ್ಬ ಹೆಣ್ಣುಮಗಳನ್ನು ಟ್ರ್ಯಾಕ್ಟರಿನಲ್ಲಿ ಕರೆತಂದರು. ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು, ತೊಡೆಯ ಮಾಂಸ ತನ್ನಷ್ಟಕ್ಕೆ ಅದುರುತ್ತಿತ್ತು. ವಿಷ ಕುಡಿದಿದ್ದಾಳೆ ಎಂದುಕೊಂಡು ನಾವೆಲ್ಲ ಅವಳ ಗಂಡನನ್ನು ಗದರಿಸಿದೆವು. ಅವಳು ಕುಡಿದಿರಲಿಲ್ಲ. ಬೆಳಗಿನಿಂದ ಕ್ಯಾನು ತುಂಬಿ ತುಂಬಿ ಸೀರೆಯ ನೆರಿಗೆ ಸೊಂಟದಿಂದ ಪಾದದವರೆಗೆ ತೊಯ್ದಿತ್ತು, ಅದರಲ್ಲೇ ಮಧ್ಯಾಹ್ನದವರೆಗೆ ದುಡಿದಿದ್ದಳು. ವೈದ್ಯರು ಅಟ್ರೊಪಿನ್ ಚುಚ್ಚುಮದ್ದು ಕೊಟ್ಟರು. ನಾನು ಆ ಸೀರೆ ತೆಗೆದು ಸೋಪು ಹಚ್ಚಿ ಮೈ ತೊಳೆದೆ. ಬದುಕಿದಳು. ಅವತ್ತು ಸಂಜೆ ರಿಜಿಸ್ಟರಿನ ‘ಉದ್ಯೋಗ’ ಎಂಬ ಕಾಲಮ್ಮಿನಲ್ಲಿ ‘ಗೃಹಿಣಿ’ ಎಂದು ಬರೆದವಳು ನಾನೇ. ಹೊಲದಲ್ಲಿ ಬಿದ್ದವಳನ್ನು ನಾನು ಅಡುಗೆಮನೆಗೆ ಸೇರಿಸಿದೆ. ಅಂಥ ಎಷ್ಟು ಜನರನ್ನು ಹಾಗೆ ಬರೆದಿದ್ದೇನೋ ಎಂದು ಇವತ್ತಿಗೂ ಸಂಕಟವಾಗುತ್ತದೆ.

ನಿಮಗೆ ಗ್ಯಾಸ್ಟ್ರಿಕ್ ಮಾತ್ರೆ ಸಿಕ್ಕಿದ್ದೂ ಹೀಗೆಯೇ ಇರಬೇಕು. ನೀವು ಏನು ಕೆಲಸ ಮಾಡುತ್ತೀರಿ ಎಂದು ಅವರು ಕೇಳಲಿಲ್ಲ, ನೀವೂ ಹೇಳಲಿಲ್ಲ. ಪಹಣಿ ಗಂಡನ ಹೆಸರಿನಲ್ಲಿ, ಅಂಗಡಿಯಲ್ಲಿ ಡಬ್ಬ ಕೊಳ್ಳುವವನು ಗಂಡ, ಕೃಷಿ ಇಲಾಖೆಯ ತರಬೇತಿಗೆ ಹೋಗುವವನೂ ಗಂಡ. ಕೈಗವಸು ತೊಡಿ, ಗಾಳಿಗೆ ಎದುರಾಗಿ ಹೊಡೆಯಬೇಡಿ ಎಂಬ ಮಾತೆಲ್ಲ ಅವನಲ್ಲಿಗೇ ನಿಲ್ಲುತ್ತದೆ. ಬಕೆಟ್ಟಿನ ಹತ್ತಿರ ಕೂತವಳಿಗೆ ಯಾರು ಹೇಳುತ್ತಾರೆ? ಮುಂದಿನ ತಪಾಸಣೆಗೆ ಹೋದಾಗ ಬಾಯಿಬಿಟ್ಟು ಹೇಳಿ: ‘ನಾನು ಕ್ರಿಮಿನಾಶಕ ಕಲಸುತ್ತಿದ್ದೆ, ಇಂಥ ದಿನ, ಇಂಥ ಹೆಸರಿನದು.’ ಡಬ್ಬದ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ. ಐದನೇ ತಿಂಗಳಿನ ಸ್ಕ್ಯಾನಿಂಗ್ ತಪ್ಪಿಸಬೇಡಿ. ಹೆದರಿ ನಿದ್ದೆಗೆಡಬೇಡಿ. ಆದರೆ ಬಸುರಿಯರು, ಹಾಲೂಡಿಸುವ ತಾಯಂದಿರು ಈ ಕೆಲಸದ ಹತ್ತಿರವೂ ಹೋಗಬಾರದು. ಹೊಡೆದು ಬಂದ ಅಂಗಿಯನ್ನೂ ನೀವು ಒಗೆಯಬೇಡಿ. ಅವರೇ ಬೇರೆ ಬಕೆಟ್ಟಿನಲ್ಲಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ ಒಗೆದುಕೊಳ್ಳಲಿ.

ನಿಮ್ಮ ಯಜಮಾನರಿಗೂ ಎರಡು ಮಾತು. ಟವೆಲ್ ಕಟ್ಟಿಕೊಂಡರೆ ರಕ್ಷಣೆ ಅಲ್ಲ, ನೆನೆದ ಟವೆಲ್ ವಿಷವನ್ನು ಮೂಗಿನ ಹತ್ತಿರವೇ ಹಿಡಿದಿಡುತ್ತದೆ. ಕಲಸಲು ಉದ್ದನೆಯ ಕೋಲು, ಕೈಗೆ ರಬ್ಬರ್ ಗವಸು ಬೇಕು. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದಬಾರದು. ಡಬ್ಬದ ಮೇಲೆ ವಜ್ರಾಕಾರದ ಗುರುತು ಇರುತ್ತದೆ: ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೆಂದರೂ ವಿಷವೇ. ಅಂಗಡಿಯವನು ಕೊಟ್ಟದ್ದನ್ನು ತರುವ ಮೊದಲು ಕಿಸಾನ್ ಕಾಲ್ ಸೆಂಟರಿಗೆ (1800-180-1551) ಫೋನ್ ಮಾಡಿ ಕೇಳಲಿ, ಕನ್ನಡದಲ್ಲೇ ಮಾತನಾಡುತ್ತಾರೆ.

ನಿಮ್ಮ ಮೆಕ್ಕೆಜೋಳದ ಸುಳಿಗೆ ಬಿದ್ದಿರುವ ಈ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಅದಕ್ಕೆ ಮೊದಲು ಮೆಕ್ಕೆಜೋಳದ ಹೊಲಕ್ಕೆ ಕ್ಯಾನು ಹೊತ್ತು ಹೋದವರನ್ನು ನಾನು ನೋಡಿದ್ದೇ ಅಪರೂಪ. ಎಲೆಯ ಮೇಲೆ ಹತ್ತಿಯ ನಾರಿನಂಥ ಪೊರೆ ಮುಚ್ಚಿದ ಮೊಟ್ಟೆಯ ಗುಂಪು ಕಂಡಾಗಲೇ ಹೊಸಕಿದರೆ, ನಡುವೆ ತೊಗರಿಯನ್ನೋ ಅಲಸಂದೆಯನ್ನೋ ಅಕ್ಕಡಿ ಸಾಲು ಹಾಕಿದರೆ ಹೊಡೆಯುವ ಸಲಗಳಾದರೂ ಕಡಿಮೆಯಾಗುತ್ತವೆ. ಮುಂದಿನ ಮುಂಗಾರಿಗೆ ಮನೆಯಲ್ಲಿ ಈ ಮಾತು ಎತ್ತಿ.

ಪ್ರಶ್ನೆ: ನಮ್ಮ ತಾಂಡಾದಿಂದ ಇಪ್ಪತ್ತು ಹೆಂಗಸರು ಈರುಳ್ಳಿ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತೇವೆ. ಹಿಂದಿನ ದಿನ ಔಷಧಿ ಹೊಡೆದದ್ದನ್ನು ಹೊಲದವರು ಹೇಳುವುದಿಲ್ಲ. ಕೇಳಿದರೆ ನಾಳೆ ಬೇರೆಯವರನ್ನು ಕರೆಯುತ್ತಾರೆ.
– ಹೊಸದುರ್ಗ ತಾಲ್ಲೂಕು

ಉತ್ತರ: ಒಬ್ಬರು ಕೇಳಿದರೆ ಕೂಲಿ ತಪ್ಪುತ್ತದೆ, ನಿಜ. ಇಪ್ಪತ್ತು ಜನರೂ ಗಾಡಿ ಹತ್ತುವ ಮೊದಲು ಮೇಸ್ತ್ರಿಯನ್ನು ಕೇಳಿ: ‘ಯಾವತ್ತು ಹೊಡೆದಿದ್ದಾರೆ?’ ಕಳೆಯ ದಿನ ಕೆಟ್ಟರೆ ಹೊಲದವರಿಗೂ ನಷ್ಟ, ಉತ್ತರ ಸಿಗುತ್ತದೆ. ಹಸಿ ವಾಸನೆ ಇದ್ದರೆ, ಎಲೆ ಒದ್ದೆ ಇದ್ದರೆ ಇಳಿಯಬೇಡಿ. ಸೀರೆಯ ಮೇಲೆ ತುಂಬುತೋಳಿನ ಹಳೆಯ ಅಂಗಿ ತೊಡಿ. ಬುತ್ತಿ ಬಿಚ್ಚುವ ಮೊದಲು ಕೈಯನ್ನು ಸೋಪಿನಿಂದ ತೊಳೆಯಿರಿ. ಮಗುವಿನ ಜೋಳಿಗೆಯನ್ನು ಬದುವಿನ ಮರಕ್ಕಲ್ಲ, ದೂರದ ಮರಕ್ಕೆ ಕಟ್ಟಿ.

ಈ ಅಂಕಣ ಓದುವ ಹೊಲದ ಒಡೆಯರಲ್ಲಿ ನನ್ನ ಬೇಡಿಕೆ: ಹೊಡೆದ ದಿನ ಬದುವಿನ ಮೇಲೆ ಒಂದು ಕೆಂಪು ಬಟ್ಟೆ ಕಟ್ಟಿ. ಆರೋಗ್ಯ ಇಲಾಖೆಯಲ್ಲಿರುವ ನನ್ನ ಕಿರಿಯರಿಗೂ ಒಂದು ಮಾತು. ತಾಂಡಾದ ಹಿರಿಯ ಹೆಂಗಸರಿಗೆ ನಮ್ಮ ಅಚ್ಚುಕಟ್ಟಾದ ಕನ್ನಡದ ಭಾಷಣ ಅರ್ಧಕ್ಕರ್ಧ ತಲುಪುವುದಿಲ್ಲ. ಲಂಬಾಣಿಯಲ್ಲಿ ಹೇಳಬಲ್ಲ ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನಾನು ಅದನ್ನು ಕಲಿಯಲು ಹತ್ತು ವರ್ಷ ತೆಗೆದುಕೊಂಡೆ.

ಯಾರಾದರೂ ಹೊಲದಲ್ಲೇ ಬಿದ್ದರೆ ಒದ್ದೆ ಬಟ್ಟೆ ತೆಗೆದು ಮೈ ತೊಳೆದು 108ಕ್ಕೆ ಫೋನ್ ಮಾಡಿ. ಹುಣಸೆ ನೀರು, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬವನ್ನು ಜೊತೆಗೇ ಒಯ್ಯಿರಿ.

ಪ್ರಶ್ನೆ: ಮೆಕ್ಕೆಜೋಳ ಒಕ್ಕುವ ಯಂತ್ರಕ್ಕೆ ತೆನೆ ತಳ್ಳುವಾಗ ನಮ್ಮ ಓಣಿಯ ಹುಡುಗನ ಬೆರಳು ಹೋಯಿತು. ತುಂಡಾದ ಬೆರಳನ್ನು ಅಲ್ಲೇ ಬಿಟ್ಟು ಬಂದರು. ಅದನ್ನು ಕೂಡಿಸಬಹುದಿತ್ತೇ?
– ದಾವಣಗೆರೆ

ಉತ್ತರ: ಯಂತ್ರದಲ್ಲಿ ನುಜ್ಜುಗುಜ್ಜಾಗಿದ್ದರೆ ಕಷ್ಟ, ಆದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು. ಆದ್ದರಿಂದ ಬೆರಳನ್ನು ಬಿಟ್ಟು ಬರಬಾರದು. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಇನ್ನೊಂದು ಚೀಲದಲ್ಲಿ ಇಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು, ಕೈ ಮೇಲೆತ್ತಿಸಿ ಕರೆದೊಯ್ಯಿರಿ. ಉಳಿದವರಿಗೆ ಹೇಳಿ: ತೆನೆ ಸಿಕ್ಕಿಕೊಂಡರೆ ಮೊದಲು ಎಂಜಿನ್ ನಿಲ್ಲಿಸಬೇಕು. ಸೆರಗು, ಜಡೆ, ಕೈಬಳೆ ಬಿಗಿಯಾಗಿರಬೇಕು. ರಾತ್ರಿ ನಿದ್ದೆಗಣ್ಣಿನಲ್ಲಿ ಯಾರನ್ನೂ ತೆನೆ ತಳ್ಳಲು ನಿಲ್ಲಿಸಬಾರದು.