ಕರೆಂಟ್ ಹೋಗಿ ಬಂದರೆ ಸೆಟ್ಟಿಂಗೂ ಹೋಗುತ್ತಿದೆ, ಯಾಕೆ?

ಪ್ರಶ್ನೆ: ಬ್ಯಾಡಗಿ ಸುತ್ತಮುತ್ತಲಿನ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತೇವೆ. ಎಲ್ಲ ಅಂಗಡಿಗೂ ಸೇರಿ ಉಬುಂಟು ಮೇಲೆ ಒಂದೇ ಮೈಎಸ್‌ಕ್ಯೂಎಲ್ 8.0 ಡೇಟಾಬೇಸ್ ಸರ್ವರ್. ಮೆಣಸಿನಕಾಯಿ ಆವಕ ಜಾಸ್ತಿ ಇದ್ದ ದಿನ ‘ಟೂ ಮೆನಿ ಕನೆಕ್ಷನ್ಸ್’ ಅಂತ ಬಂದು ಬಿಲ್ ನಿಂತುಹೋಗುತ್ತದೆ. ‘ಸೆಟ್ ಗ್ಲೋಬಲ್’ ಕೊಟ್ಟು ಮ್ಯಾಕ್ಸ್ ಕನೆಕ್ಷನ್ಸ್ (ಒಟ್ಟಿಗೆ ಎಷ್ಟು ಕನೆಕ್ಷನ್ ಇರಬಹುದು ಅನ್ನುವ ಮಿತಿ) 400 ಮಾಡಿದೆ, ಸರಿಹೋಯಿತು. ಮುಂದಿನ ವಾರ ಕರೆಂಟ್ ಹೋಗಿ ಬಂದ ಮೇಲೆ ನೋಡಿದರೆ ಮತ್ತೆ 151! ವೇಟ್ ಟೈಮ್‌ಔಟ್ (ಸುಮ್ಮನಿರುವ ಕನೆಕ್ಷನ್ ಕಡಿಯುವ ಮುನ್ನ ಸರ್ವರ್ ಕಾಯುವ ಸೆಕೆಂಡು) ಕೂಡ 600ಕ್ಕೆ ಇಳಿಸಿದ್ದೆ. ಆದರೆ ನನ್ನ ಪರದೆಯಲ್ಲಿ 28800 ಅಂತಲೇ ತೋರಿಸುತ್ತಿತ್ತು. ಎಲ್ಲಿ ತಪ್ಪಿದೆ?
(ಹೆಸರು ಬೇಡ, ಹಾವೇರಿ)

ಉತ್ತರ: ನೀವು ಕೊಟ್ಟ ಕಮಾಂಡ್ ಸರಿಯಾಗಿಯೇ ಇದೆ. ಆದರೆ ‘ಸೆಟ್ ಗ್ಲೋಬಲ್’ ಬದಲಿಸುವುದು ಓಡುತ್ತಿರುವ ಸರ್ವರ್‌ನ ನೆನಪನ್ನು ಮಾತ್ರ. ಎಲ್ಲೂ ಬರೆದಿಡುವುದಿಲ್ಲ. ಸರ್ವರ್ ನಿಂತು ಮತ್ತೆ ಶುರುವಾದಾಗ ಫೈಲ್ ಓದುತ್ತದೆ, ಅಲ್ಲಿ ಏನೂ ಇಲ್ಲದಿದ್ದರೆ ತನ್ನ ಮೂಲ ಬೆಲೆಗೆ (ಡಿಫಾಲ್ಟ್ ವ್ಯಾಲ್ಯೂ) ಹೋಗುತ್ತದೆ. ಆ 151 ಅದೇ.

ಉಳಿಯಬೇಕೆಂದರೆ ಎರಡು ದಾರಿ. ಒಂದು, ಇಟಿಸಿ ಒಳಗಿನ ಮೈಎಸ್‌ಕ್ಯೂಎಲ್ ಫೋಲ್ಡರ್‌ನ ಕಾನ್ಫಿಗ್ ಫೈಲಿನಲ್ಲಿ ಬರೆಯುವುದು. ‘ಮೈಎಸ್‌ಕ್ಯೂಎಲ್‌ಡಿ’ ಅನ್ನುವ ತಲೆಬರಹದ ಕೆಳಗೇ ಬರೆಯಿರಿ. ‘ಕ್ಲೈಂಟ್’ ಕೆಳಗೆ ಬರೆದರೆ ಸರ್ವರ್ ಅದನ್ನು ನೋಡುವುದೇ ಇಲ್ಲ. ಇನ್ನೊಂದು, 8.0ರಲ್ಲಿ ಬಂದ ‘ಸೆಟ್ ಪರ್ಸಿಸ್ಟ್’. ಇದು ಓಡುತ್ತಿರುವ ಬೆಲೆಯನ್ನೂ ಬದಲಿಸುತ್ತದೆ, ಡೇಟಾ ಫೋಲ್ಡರ್‌ನಲ್ಲಿರುವ ‘ಮೈಎಸ್‌ಕ್ಯೂಎಲ್‌ಡಿ-ಆಟೋ’ ಅನ್ನುವ ಫೈಲಿನಲ್ಲೂ ಬರೆದಿಡುತ್ತದೆ. ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮಾರಿಯಾಡಿಬಿಯಲ್ಲಿ ಈ ಸೌಲಭ್ಯ ಇಲ್ಲ, ಅಲ್ಲಿ ಫೈಲೇ ಗತಿ.

ಎರಡನ್ನೂ ಬೆರೆಸಬೇಡಿ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಒಂದು ಕಚೇರಿಯ ಸರ್ವರ್‌ನಲ್ಲಿ ಕಾನ್ಫಿಗ್ ಫೈಲ್ ತಿದ್ದಿ ರೀಸ್ಟಾರ್ಟ್ ಮಾಡಿದೆ, ಬೆಲೆ ಬದಲಾಗಲಿಲ್ಲ. ಮತ್ತೆ ತಿದ್ದಿದೆ, ಮತ್ತೆ ರೀಸ್ಟಾರ್ಟ್. ರಾತ್ರಿ ಹನ್ನೊಂದೂವರೆ ಆಗಿತ್ತು, ಬೆಳಿಗ್ಗೆ ಎಂಟಕ್ಕೆ ಜನ ಬರುವವರಿದ್ದರು. ಕೊನೆಗೆ ಸರ್ವರ್ ತನ್ನ ಒಳಗಿನ ಸ್ಥಿತಿ ತೋರಿಸುವ ಪರ್ಫಾರ್ಮೆನ್ಸ್ ಸ್ಕೀಮಾದಲ್ಲಿರುವ ‘ವೇರಿಯಬಲ್ಸ್ ಇನ್ಫೋ’ ಟೇಬಲ್ ತೆರೆದೆ. ‘ವೇರಿಯಬಲ್ ಸೋರ್ಸ್’ ಕಾಲಮ್ಮಿನಲ್ಲಿ ‘ಪರ್ಸಿಸ್ಟೆಡ್’ ಅಂತ ಇತ್ತು. ಯಾವ ದಿನ, ಯಾವ ಯೂಸರ್ ಹಾಕಿದ್ದು ಅನ್ನುವುದೂ ಪಕ್ಕದಲ್ಲೇ ಇತ್ತು. ಆಟೋ ಫೈಲನ್ನು ಸರ್ವರ್ ಎಲ್ಲಕ್ಕಿಂತ ಕೊನೆಯಲ್ಲಿ ಓದುತ್ತದೆ, ಹಾಗಾಗಿ ಅದರ ಮಾತೇ ನಡೆಯುತ್ತದೆ. ‘ರೀಸೆಟ್ ಪರ್ಸಿಸ್ಟ್’ ಕೊಟ್ಟು ಆ ಸಾಲು ತೆಗೆದೆ. ಅವತ್ತಿನಿಂದ ಯಾವ ಬೆಲೆ ಮುಟ್ಟುವ ಮೊದಲೂ ಆ ಟೇಬಲ್ ನೋಡುತ್ತೇನೆ. ಅಲ್ಲಿ ‘ಕಂಪೈಲ್ಡ್’ ಅಂತ ಇದ್ದರೆ ಯಾರೂ ಮುಟ್ಟಿಲ್ಲ ಅಂತ ಅರ್ಥ.

ಈಗ ನಿಮ್ಮ 28800. ಗ್ಲೋಬಲ್ ಬೆಲೆ ಹೊಸದಾಗಿ ಬರುವ ಕನೆಕ್ಷನ್‌ಗೆ ಮಾತ್ರ. ಆಗಲೇ ಒಳಗಿರುವವರ ಹತ್ತಿರ ತಮ್ಮದೇ ನಕಲು ಇರುತ್ತದೆ. ಹೊರಗೆ ಹೋಗಿ ಮತ್ತೆ ಲಾಗಿನ್ ಆದರೂ ಮೈಎಸ್‌ಕ್ಯೂಎಲ್‌ನ ಕಪ್ಪು ಪರದೆಯಲ್ಲಿ 28800 ಅಂತಲೇ ಕಾಣಬಹುದು. ಅಲ್ಲಿ ಕೂತು ಟೈಪ್ ಮಾಡುವವರಿಗೆ ಸರ್ವರ್ ‘ಇಂಟರಾಕ್ಟಿವ್ ಟೈಮ್‌ಔಟ್’ ಬೆಲೆಯನ್ನು ಕೊಡುತ್ತದೆ. ‘ಶೋ ಗ್ಲೋಬಲ್ ವೇರಿಯಬಲ್ಸ್’ ಅಂತ ಕೇಳಿ, ನೀವು ಹಾಕಿದ 600 ಸಿಗುತ್ತದೆ.

ಆದರೆ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಆ 400. ಆವಕದ ದಿನ ‘ಶೋ ಪ್ರೊಸೆಸ್‌ಲಿಸ್ಟ್’ (ಈಗ ಯಾರ್ಯಾರು ಕನೆಕ್ಟ್ ಆಗಿದ್ದಾರೆ ಅನ್ನುವ ಪಟ್ಟಿ) ಕೊಟ್ಟು ನೋಡಿ. ಸಾಲುಸಾಲಾಗಿ ‘ಸ್ಲೀಪ್’ ಅಂತಿದ್ದು, ಪಕ್ಕದಲ್ಲಿ ಸಾವಿರಾರು ಸೆಕೆಂಡು ಇದ್ದರೆ, ನಿಮ್ಮ ಪ್ರೋಗ್ರಾಂ ಕನೆಕ್ಷನ್ ತೆರೆದು ಮುಚ್ಚದೆ ಬಿಡುತ್ತಿದೆ. ಆಗ 400 ಕೂಡ ಇವತ್ತಲ್ಲ ನಾಳೆ ತುಂಬುತ್ತದೆ. 28800 ಸೆಕೆಂಡು ಅಂದರೆ ಎಂಟು ಗಂಟೆ, ಅಲ್ವಾ? ಬೆಳಿಗ್ಗೆ ತೆರೆದದ್ದು ಸಂಜೆಯವರೆಗೂ ಸುಮ್ನೆ ಕೂತಿರುತ್ತದೆ. ವೇಟ್ ಟೈಮ್‌ಔಟ್ ಇಳಿಸಿದ್ದು ಒಳ್ಳೆಯದೇ. ಆದರೆ ಪ್ರೋಗ್ರಾಮಿನಲ್ಲಿ ಕನೆಕ್ಷನ್ ಪೂಲ್ (ತೆರೆದ ಕನೆಕ್ಷನ್ ಮತ್ತೆ ಮತ್ತೆ ಬಳಸಲು ಕೂಡಿಟ್ಟುಕೊಳ್ಳುವ ವ್ಯವಸ್ಥೆ) ಇದ್ದರೆ, ಅದು ಖಾಲಿ ಕನೆಕ್ಷನ್ ಇಟ್ಟುಕೊಳ್ಳುವ ಅವಧಿ 600ಕ್ಕಿಂತ ಕಡಿಮೆ ಇರಲಿ. ಇಲ್ಲದಿದ್ದರೆ ‘ಸರ್ವರ್ ಹ್ಯಾಸ್ ಗಾನ್ ಅವೇ’ ಅಂತ ಬೇರೆ ದೂರು ಶುರುವಾಗುತ್ತದೆ.

ಇನ್ನೊಂದು ಮಾತು. ಮಿತಿ ತುಂಬಿದಾಗಲೂ ಅಡ್ಮಿನ್ ಒಬ್ಬರು ಒಳಗೆ ಬರಲಿ ಅಂತ ಮೈಎಸ್‌ಕ್ಯೂಎಲ್ ಒಂದು ಜಾಗ ಹೆಚ್ಚಿಗೆ ಇಟ್ಟಿರುತ್ತದೆ. ನಿಮ್ಮ ಸಾಫ್ಟ್‌ವೇರ್ ಎಲ್ಲ ಅಧಿಕಾರ ಇರುವ ರೂಟ್ ಯೂಸರ್‌ನಲ್ಲೇ ಲಾಗಿನ್ ಆಗುತ್ತಿದ್ದರೆ ಆ ಜಾಗವನ್ನೂ ಅದೇ ತಿಂದುಬಿಡುತ್ತದೆ, ನೀವು ಹೊರಗೆ ನಿಲ್ಲಬೇಕು. ದಯವಿಟ್ಟು ಅದಕ್ಕೆ ಬೇರೆ ಯೂಸರ್ ಮಾಡಿ.

ಪ್ರಶ್ನೆ: ಇನ್ನೊಡಿಬಿ ಬಫರ್ ಪೂಲ್ ಸೈಜ್ (ಮೈಎಸ್‌ಕ್ಯೂಎಲ್ ಡೇಟಾ ಇಟ್ಟುಕೊಳ್ಳುವ ಮೆಮೊರಿಯ ಅಳತೆ) 8ಜಿ ಅಂತ ‘ಸೆಟ್ ಗ್ಲೋಬಲ್’ ಕೊಟ್ಟರೆ ಎರರ್ ಬರುತ್ತದೆ. ಫೈಲಿನಲ್ಲಿ ಬರೆದರೆ ಒಪ್ಪುತ್ತದೆ. ಯಾಕೆ?
(ಓದುಗರು, ಶಿರಸಿ)

ಉತ್ತರ: ಕೆ, ಎಂ, ಜಿ ಅಕ್ಷರಗಳು ನಡೆಯುವುದು ಫೈಲಿನಲ್ಲಿ ಮಾತ್ರ. ‘ಸೆಟ್’ಗೆ ಬೈಟ್ ಲೆಕ್ಕದಲ್ಲಿ 8589934592 ಅಂತ ಕೊಡಿ. ಸೊನ್ನೆ, ಅಂಕೆ ತಪ್ಪುವ ಭಯ ಇದ್ದರೆ 8 ಇಂಟು 1024 ಇಂಟು 1024 ಇಂಟು 1024 ಅಂತ ಗುಣಾಕಾರ ಬರೆದರೂ ಒಪ್ಪುತ್ತದೆ. ಫೈಲಿನಲ್ಲಿ ಮಾತ್ರ ಗುಣಾಕಾರ ನಡೆಯುವುದಿಲ್ಲ. ಮೂಲ ಬೆಲೆ ಬರೀ 128 ಎಂಬಿ, ಹಾಗಾಗಿ ಏರಿಸಿದ್ದು ಸರಿ. ಮಷಿನ್‌ನಲ್ಲಿ ಒಟ್ಟು 16 ಜಿಬಿ ಇದ್ದು, ಅದರಲ್ಲೇ ವೆಬ್ ಸರ್ವರ್ ಕೂಡ ಓಡುತ್ತಿದ್ದರೆ 8ಕ್ಕೇ ನಿಲ್ಲಿಸಿ, ಒಂದು ವಾರ ಮೆಮೊರಿ ಗಮನಿಸಿ.