ಸೀವರ್ಡ್ ಲೇಖನದಲ್ಲಿ ವಕೀಲ ಎಲ್ಲಿ ಹೋದ?

ನಮಸ್ಕಾರ,

ಅಮೆರಿಕದ ವಿಲಿಯಂ ಸೀವರ್ಡ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನ್ಯೂಯಾರ್ಕ್ ಗವರ್ನರ್, 1849ರಿಂದ ಸೆನೆಟರ್, 1861ರಿಂದ ಲಿಂಕನ್ ಸಂಪುಟದಲ್ಲಿ ವಿದೇಶಾಂಗ ಸಚಿವ... ಹುದ್ದೆ ಮೇಲೆ ಹುದ್ದೆ ಬರುತ್ತದೆ, ಮನುಷ್ಯ ಕಾಣುವುದೇ ಇಲ್ಲ. ಬಯೋಡೇಟಾ ಓದಿದ ಹಾಗಾಯಿತು.

‘ವೃತ್ತಿಯಿಂದ ವಕೀಲರು’ ಅಂತ ಒಂದು ಸಾಲು ಬರೆದು ಮುಂದೆ ಓಡಿದ್ದೀರಿ. ಕಥೆ ಇರುವುದೇ ಅಲ್ಲಿ. 1846ರಲ್ಲಿ ಅವರ ಊರು ಆಬರ್ನ್ ಹತ್ತಿರ ಒಂದೇ ಮನೆಯಲ್ಲಿ ನಾಲ್ವರ ಕೊಲೆಯಾಯಿತು. ಆರೋಪಿ ವಿಲಿಯಂ ಫ್ರೀಮನ್, ಕಪ್ಪು ಯುವಕ. ಕುದುರೆ ಕದ್ದ ಅಂತ ಐದು ವರ್ಷ ಜೈಲಿನಲ್ಲಿದ್ದವನು. ಅಲ್ಲಿ ತಿಂದ ಏಟಿಗೆ ಕಿವಿ ಹೋಗಿತ್ತು. ಊರಿಗೆ ಊರೇ ಅವನ ಮೇಲೆ ಕೆಂಡ ಕಾರುತ್ತಿದ್ದಾಗ ಸೀವರ್ಡ್ ಕಾಸು ತಗೊಳ್ಳದೆ ವಕಾಲತ್ತು ವಹಿಸಿದರು. ಅವನ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ವಾದಿಸಿ, ಸೋತರು. ಮೇಲಿನ ಕೋರ್ಟು ಮರುವಿಚಾರಣೆಗೆ ಹೇಳಿತು, ಆದರೆ ಅದು ನಡೆಯುವ ಮೊದಲೇ ಫ್ರೀಮನ್ ಜೈಲಿನಲ್ಲೇ ತೀರಿಕೊಂಡ. ಓಟು ಬೇಕಾದವರು ಮಾಡುವ ಕೆಲಸವಾ ಇದು? ಇಲ್ಲಿಂದ ಶುರು ಮಾಡಿ.

ದೆಹಲಿ ಸೇರಿದ ನಮ್ಮ ಎಷ್ಟೋ ವಕೀಲರ ಹಾಗೆ ಇವರೂ ಕರಿಕೋಟು ಕಳಚಿಟ್ಟರು ಅಂತ ನೀವು ಅಂದುಕೊಂಡಂತಿದೆ. ಇಲ್ಲ. 1861ರ ಟ್ರೆಂಟ್ ಪ್ರಕರಣ ನೋಡಿ. ಅಂತರ್ಯುದ್ಧದ ಕಾಲ. ಟ್ರೆಂಟ್ ಅನ್ನುವ ಬ್ರಿಟಿಷ್ ಹಡಗು ತಡೆದು, ಅಮೆರಿಕದಿಂದ ಬೇರೆಯಾಗಲು ಹೊರಟಿದ್ದ ದಕ್ಷಿಣ ರಾಜ್ಯಗಳ ಬಂಡಾಯಗಾರರ ಇಬ್ಬರು ದೂತರನ್ನು ಅಮೆರಿಕದ ನೌಕಾಪಡೆ ಹಿಡಿದಿತ್ತು. ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಬ್ರಿಟನ್ ಜೊತೆ ಯುದ್ಧ. ಸೀವರ್ಡ್ ಏನು ಬರೆದರು ಗೊತ್ತಾ? ತಡೆದದ್ದು ಸರಿ, ಆದರೆ ಹಡಗನ್ನೇ ಕೋರ್ಟಿನ ಮುಂದೆ ತರಬೇಕಿತ್ತು, ನಮ್ಮ ಕ್ಯಾಪ್ಟನ್ ತರಲಿಲ್ಲ. ಇದು ಅಮೆರಿಕ ಮೊದಲಿಂದ ಹೇಳುತ್ತಾ ಬಂದ ನಿಯಮವೇ, ಹಾಗಾಗಿ ಬಿಡುತ್ತೇವೆ. ಪಕ್ಕಾ ವಕೀಲಿ ಬುದ್ಧಿ, ಅಲ್ವಾ? ಇದಕ್ಕೆ ನೀವು ಕೊಟ್ಟಿದ್ದು ಅರ್ಧ ಸಾಲು.

ಅಲಾಸ್ಕಾಕ್ಕೆ ಮಾತ್ರ ಎರಡು ಪುಟ! 1867ರಲ್ಲಿ ಸೀವರ್ಡ್ ಅದನ್ನು ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡಾಗ ‘ಇಡೀ ದೇಶವೇ ನಕ್ಕಿತು’ ಅನ್ನುವುದು ಜಾಸ್ತಿಯಾಯಿತು. ಸೆನೆಟ್‌ನಲ್ಲಿ 37 ಮತ ಪರ, 2 ವಿರುದ್ಧ. ಅಲ್ಲಿನ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ, ಅದನ್ನು ಬರೆಯಿರಿ.

1865ರಲ್ಲಿ ಸೀವರ್ಡ್ ಮೇಲೆ ಅವರ ಮನೆಯಲ್ಲೇ ನಡೆದ ಚಾಕು ದಾಳಿಯ ಭಾಗ ಚೆನ್ನಾಗಿ ಬಂದಿದೆ. ಔಷಧಿ ತಂದಿದ್ದೇನೆ ಅಂತ ಸುಳ್ಳು ಹೇಳಿ ಒಳಗೆ ನುಗ್ಗಿದವನನ್ನು ಸುಮ್ನೆ ತೋರಿಸಿದ್ದೀರಿ, ವ್ಯಾಖ್ಯಾನ ಮಾಡಿಲ್ಲ. ಆ ಭಾಗ ಮುಟ್ಟಬೇಡಿ. ‘ಇಂದಿನ ಯುವಜನರಿಗೆ ಆದರ್ಶ’ ಅನ್ನುವ ಕೊನೆಯ ಪ್ಯಾರಾ ಪೂರ್ತಿ ತೆಗೆದು, ತಿದ್ದಿ ಕಳಿಸಿ.