ರೈಲು ಬಂತು, ನಾವು ಹೊರಟೆವು

ಓದುಗರ ಪತ್ರ (ಆಯ್ದ ಭಾಗ):

"ಸಂಪಾದಕರೇ, ನಾವು ರಾಗಿಗುಡ್ಡ ಮೆಟ್ರೊ ನಿಲ್ದಾಣದ ಹಿಂದಿನ ಅಡ್ಡರಸ್ತೆಯಲ್ಲಿ ಹದಿನೆಂಟು ವರ್ಷದಿಂದ ಬಾಡಿಗೆಗೆ ಇದ್ದೇವೆ. ಅದೇ ಕಟ್ಟಡದ ಕೆಳಗೆ ನಮ್ಮ ಯಜಮಾನರ ಟೈಲರ್ ಅಂಗಡಿ. ಕೆಲಸ ನಡೆದಷ್ಟೂ ವರ್ಷ ಧೂಳು ಕುಡಿದೆವು. ತಗಡಿನ ಬ್ಯಾರಿಕೇಡ್ ಸುತ್ತಿಕೊಂಡು ಗಿರಾಕಿ ಬರುತ್ತಿರಲಿಲ್ಲ. ರೈಲು ಬಂದರೆ ಎಲ್ಲ ಸರಿಹೋಗುತ್ತೆ ಅಂತ ಕಾದೆವು. ರೈಲು ಬಂತು. ಮೂರು ತಿಂಗಳಿಗೆ ಓನರ್ ಬಂದು, ಕೆಡವಿ ಕಟ್ಟಿಸ್ತೀನಿ, ಖಾಲಿ ಮಾಡಿ ಅಂದರು. ನೀವು ಮೆಟ್ರೊ ಬಂದಾಗ ನಾಲ್ಕು ಪುಟ ಹೊಗಳಿ ಬರೆದಿರಿ. ನಮ್ಮಂಥವರ ಮಾತು ಒಂದು ಸಾಲೂ ಇರಲಿಲ್ಲ. ಮೆಟ್ರೊ ಬರದೇ ಇದ್ದಿದ್ದರೆ ನಾವು ಇಲ್ಲೇ ಇರ್ತಿದ್ವಿ, ಅಲ್ವಾ?"

– ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ಓದುಗರು, ಬೆಂಗಳೂರು

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಬಂದ ದಿನವೇ ಆ ಹಳೆಯ ಸಂಚಿಕೆ ತೆಗೆದು ಮತ್ತೆ ಓದಿದೆ. ನಾಲ್ಕು ಪುಟದಲ್ಲಿ ನಾವು ಯಾರ್‍ಯಾರನ್ನು ಮಾತಾಡಿಸಿದ್ದೇವೆ ಎಂದು ಬೆರಳು ಮಡಿಚಿ ಎಣಿಸಿದೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಇಬ್ಬರು ಹುಡುಗರು, ಸ್ವಂತ ಮನೆಯಿರುವ ಒಬ್ಬ ನಿವೃತ್ತ ಮೇಷ್ಟ್ರು, ಹೋಟೆಲ್ ಇಟ್ಟಿರುವ ಒಬ್ಬರು. ಆ ಹೋಟೆಲ್ ಕಟ್ಟಡವೂ ಅವರದ್ದೇ. ಬಾಡಿಗೆಯವರು ಒಬ್ಬರೂ ಇಲ್ಲ. ತಪ್ಪು ನಮ್ಮದು. ತಮಾಷೆ ಅಂದರೆ, ಆ ಲೇಖನ ಬರೆದವರೂ ಬಾಡಿಗೆ ಮನೆಯವರು, ತಿದ್ದಿದ ನಾನೂ ಬಾಡಿಗೆ ಮನೆಯವನು. ನಮ್ಮನ್ನೇ ನಾವು ಮರೆತಿದ್ದೆವು.

ಇನ್ನು ನಿಮ್ಮ ಪ್ರಶ್ನೆ. ಮೆಟ್ರೊ ಬರದೇ ಇದ್ದಿದ್ದರೆ ಇಲ್ಲೇ ಇರುತ್ತಿದ್ದಿರಾ? ಇನ್ನೂ ಕೆಲವು ವರ್ಷ ಇರುತ್ತಿದ್ದಿರಿ ಅಂತಲೇ ನನಗೂ ಅನ್ನಿಸುತ್ತದೆ. ಆದರೆ ಮೆಟ್ರೊ ಬರಬಾರದಿತ್ತು ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ.

ನೀವು ಪಟ್ಟ ಪಾಡು ಕಣ್ಣ ಮುಂದೆಯೇ ಇದೆ. 2020ರ ಆರಂಭದಲ್ಲಿ ಮೆಟ್ರೊಗಾಗಿ ಜಯದೇವ ಮೇಲ್ಸೇತುವೆ ಒಡೆಯಲು ಶುರು ಮಾಡಿದರು. ಅದು ಕಟ್ಟಿ ಹದಿನೈದು ವರ್ಷವೂ ಆಗಿರಲಿಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ಗೆ, ಕೆಳಗೆ ವಾಹನ, ಮೇಲೆ ಮೆಟ್ರೊ ಹೋಗುವ ಡಬಲ್ ಡೆಕರ್ ಮೇಲ್ಸೇತುವೆಯ ಒಂದು ಬದಿ ತೆರೆದದ್ದು 2024ರ ಜುಲೈನಲ್ಲಿ. ನಿಮ್ಮ ರಾಗಿಗುಡ್ಡದ ಮೇಲೆ ಹೋಗುವ ಹಳದಿ ಮಾರ್ಗದಲ್ಲಿ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, 16 ನಿಲ್ದಾಣ. ಇಷ್ಟೆಲ್ಲ ಆಗಿ ಶುರುವಿಗೆ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು! ಆಮೇಲೆ ಹೆಚ್ಚಿದವು ಬಿಡಿ. ಆದರೂ ಹೇಳುತ್ತೇನೆ, ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಸ್ಸಿನೊಳಗೆ ನಿಂತವರು ಯಾರೂ ಈ ರೈಲು ಬೇಡ ಅನ್ನಲಾರರು. ಬೊಮ್ಮಸಂದ್ರದ ಕಾರ್ಖಾನೆಗೆ ಹೋಗುವವರೂ ಬಾಡಿಗೆ ಮನೆಯವರೇ.

ನಿಮ್ಮನ್ನು ಎಬ್ಬಿಸುತ್ತಿರುವುದು ರೈಲಲ್ಲ, ಒಂದು ಕಾಗದ. ಅದು ರೈಲಿಗಿಂತ ಎಷ್ಟೋ ವರ್ಷ ಮೊದಲೇ ಬಂದಿತ್ತು.

ಬೆಂಗಳೂರಿನ 2015ರವರೆಗಿನ ಮಾಸ್ಟರ್ ಪ್ಲಾನ್‌ಗೆ ಸರ್ಕಾರ ಒಪ್ಪಿಗೆ ಕೊಟ್ಟದ್ದು 2007ರಲ್ಲಿ. ಆಗ ಊರಲ್ಲಿ ಒಂದು ಮೆಟ್ರೊ ರೈಲೂ ಓಡುತ್ತಿರಲಿಲ್ಲ. ಅದರಲ್ಲಿ ಒಂದು ಮಾತಿದೆ. ಮೆಟ್ರೊ ನಿಲ್ದಾಣದ ಸುತ್ತ 150 ಮೀಟರ್ ಒಳಗೆ ಎಫ್‌ಎಆರ್ 4ರವರೆಗೆ ಕೊಡಬಹುದು ಎಂದು. ಎಫ್‌ಎಆರ್ ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ. ಮೂವತ್ತು ನಲವತ್ತರ ಸೈಟು ಅಂದರೆ 1,200 ಚದರ ಅಡಿ. ಅಡ್ಡರಸ್ತೆಯ ಮನೆಗೆ ಸಾಮಾನ್ಯವಾಗಿ ಸಿಗುವ 1.75ರ ಲೆಕ್ಕದಲ್ಲಿ 2,100 ಚದರ ಅಡಿ ಕಟ್ಟಬಹುದು. 4 ಸಿಕ್ಕರೆ 4,800. ರಸ್ತೆಯ ಅಗಲ, ಪಾರ್ಕಿಂಗ್, ಸುತ್ತ ಬಿಡಬೇಕಾದ ಜಾಗ ಅಂತ ನೂರೆಂಟು ಷರತ್ತು ಇದ್ದೇ ಇರುತ್ತವೆ. ಅವೆಲ್ಲ ಕಳೆದರೂ ಹಳೆಯ ಎರಡು ಅಂತಸ್ತಿನ ಮನೆಗಿಂತ ಜಾಸ್ತಿಯೇ.

ನಿಮ್ಮ ಓನರ್ ಜಾಗದಲ್ಲಿ ಕೂತು ಈ ಲೆಕ್ಕ ಮಾಡಿ ನೋಡಿ. ಕೆಳಗೆ ಒಂದು ಟೈಲರ್ ಅಂಗಡಿ, ಮೇಲೆ ಎರಡು ಸಂಸಾರ. ಅದನ್ನು ಕೆಡವಿದರೆ ನಾಲ್ಕು ಮಹಡಿ ಪಿಜಿ. ಒಂದೊಂದು ರೂಮಿಗೆ ಮೂರು ಮಂಚ. ನಿಲ್ದಾಣ ನಡೆದು ಹೋಗುವಷ್ಟು ದೂರ. ಬ್ಯಾಂಕಿನವರೂ ಸಾಲ ಕೊಡಲು ಮುಂದೆ ಬರುತ್ತಾರೆ. ಓನರ್ ಕೆಟ್ಟವರೇನಲ್ಲ ಎಂದು ನೀವೇ ಬರೆದಿದ್ದೀರಿ. ಕೊರೊನಾ ಕಾಲದಲ್ಲಿ ನಾಲ್ಕು ತಿಂಗಳು ಬಾಡಿಗೆಯೇ ಕೇಳಲಿಲ್ಲವಂತೆ. ಧೂಳು ಅವರೂ ಕುಡಿದಿದ್ದಾರೆ. ಆದರೆ ಅವರು ಕುಡಿದ ಧೂಳಿಗೆ ಸೈಟಿನ ಬೆಲೆ ಏರಿತು. ನೀವು ಕುಡಿದ ಧೂಳಿಗೆ ಏನು ಸಿಕ್ಕಿತು?

ಇದು ನಿಮ್ಮ ರಸ್ತೆಯಲ್ಲೇ ಮೊದಲಲ್ಲ. ಇಂದಿರಾನಗರದ ಸಿಎಂಎಚ್ ರಸ್ತೆಯ ಕಥೆ ನಿಮಗೆ ನೆನಪಿರಬಹುದು. ಮೊದಲ ಹಂತದ ಮೆಟ್ರೊ ಆ ರಸ್ತೆಯ ಮೇಲೆ ಬರುತ್ತದೆ ಎಂದಾಗ ವ್ಯಾಪಾರಿಗಳು ವರ್ಷಗಟ್ಟಲೆ ಹೋರಾಡಿದರು. ಬೇರೆ ದಾರಿಯಲ್ಲಿ ಹೋಗಲಿ ಅಂದರು, ಕೋರ್ಟಿಗೂ ಹೋದರು. ಕೊನೆಗೆ ಕಟ್ಟಡಗಳ ಮುಂಭಾಗ ಕತ್ತರಿಸಿದರು. ಗೋಡೆ ಕಳಚಿದ ಮನೆಗಳ ಒಳಗಿನ ದೇವರ ಕೋಣೆಯ ಬಣ್ಣ ರಸ್ತೆಗೆ ಕಾಣುತ್ತಿತ್ತು. ನಾನಾಗ ಅಲ್ಲೇ ಹತ್ತಿರ ಒಂದು ರೂಮಿನಲ್ಲಿದ್ದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ರೈಲು ಓಡಿತು. ಜನ ಸುಮ್ನೆ ಹೋಗಿ ಬರಲು ಸಾಲು ನಿಂತರು. ನಾನೂ ನಿಂತಿದ್ದೆ.

ನನ್ನ ರೂಮಿನ ಕೆಳಗೆ ಒಬ್ಬರು ಮಿಕ್ಸಿ ರಿಪೇರಿ ಮಾಡುತ್ತಿದ್ದರು. ಪಕ್ಕದ ರಸ್ತೆಯಾದ್ದರಿಂದ ಅವರ ಅಂಗಡಿಯ ಒಂದು ಇಟ್ಟಿಗೆಯೂ ಹೋಗಿರಲಿಲ್ಲ. ಬ್ಯಾರಿಕೇಡ್ ಕಾಲದಲ್ಲಿ ಊಟದ ಡಬ್ಬಿ ತಂದು ಅಂಗಡಿಯಲ್ಲೇ ಮಲಗಿ, ಖರ್ಚು ಉಳಿಸಿ, ಹೇಗೋ ತಳ್ಳಿದರು. ರೈಲು ಬಂದು ಎರಡು ವರ್ಷಕ್ಕೆ ಓನರ್ ಬಾಡಿಗೆ ಮೂರು ಪಟ್ಟು ಕೇಳಿದರು. ಇವರು ಹೊರಟೇಬಿಟ್ಟರು. ಆ ಜಾಗದಲ್ಲಿ ಮೊದಲು ಕೇಕ್ ಅಂಗಡಿ ಬಂತು, ಆಮೇಲೆ ಮೊಬೈಲ್ ಅಂಗಡಿ. ಅಂಗಡಿ ಒಡೆಸಿಕೊಂಡವರ ಹೆಸರು ಯಾವುದೋ ಕಡತದಲ್ಲಾದರೂ ಇರುತ್ತದೆ. ಇವರ ಹೆಸರು ಎಲ್ಲೂ ಇಲ್ಲ.

ಇಂದಿರಾನಗರ ಬದಲಾದದ್ದೆಲ್ಲ ಮೆಟ್ರೊದಿಂದಲೇ ಎಂದರೆ ಅದು ಸುಳ್ಳಾಗುತ್ತದೆ. ವಾಸದ ಬಡಾವಣೆಗಳ ಅಗಲ ರಸ್ತೆಗಳಲ್ಲಿ ಅಂಗಡಿ, ಕಚೇರಿಗೆ ಜಾಗ ಮಾಡಿಕೊಟ್ಟದ್ದೂ ಅದೇ 2007ರ ಪ್ಲಾನು. ನೂರಡಿ ರಸ್ತೆಯ ಮನೆಗಳು ಒಂದೊಂದಾಗಿ ಪಬ್ಬು, ರೆಸ್ಟೋರೆಂಟು ಆದವು. ಅಲ್ಲಿ ಸ್ವಂತ ಮನೆಯವರೇ ರಾತ್ರಿ ನಿದ್ದೆಯಿಲ್ಲ ಎಂದು ಬೀದಿಗಿಳಿಯಬೇಕಾಯಿತು. ಅವರ ಸಿಟ್ಟು ಪತ್ರಿಕೆಗಳಲ್ಲಿ ಬಂತು, ಟೀವಿಯಲ್ಲಿ ಬಂತು. ಅಂಥ ಸಿಟ್ಟು ಮಾಡಲು ಒಂದು ಮನೆಯ ಖಾತೆ ಬೇಕು, ಒಂದು ನಿವಾಸಿಗಳ ಸಂಘ ಬೇಕು. ಹನ್ನೊಂದು ತಿಂಗಳ ಅಗ್ರಿಮೆಂಟಿನವರನ್ನು ಆ ಸಂಘದ ಮೀಟಿಂಗಿಗೆ ಯಾರು ಕರೆಯುತ್ತಾರೆ?

ಕಾನೂನು ಏನನ್ನುತ್ತದೆ ಎಂದೂ ಕೇಳಿದ್ದೀರಿ. ಕೇಳಿದರೆ ಬೇಜಾರಾಗುತ್ತದೆ. ಮೆಟ್ರೊ ನಿಗಮವೇ ನಿಮ್ಮ ಕಟ್ಟಡ ತೆಗೆದುಕೊಂಡಿದ್ದರೆ ಮಾಲೀಕರಿಗೆ ಪರಿಹಾರ, ಅಂಗಡಿ ನಡೆಸುತ್ತಿದ್ದ ಬಾಡಿಗೆದಾರರಿಗೂ ಒಂದಿಷ್ಟು ಪುನರ್ವಸತಿ ಹಣ ಅಂತ ಲೆಕ್ಕ ಇರುತ್ತಿತ್ತು. ಕಂಬ ನಿಮ್ಮ ಮನೆಯ ಮೇಲೆ ಬೀಳಲಿಲ್ಲ, ಪಕ್ಕದಲ್ಲಿ ನಿಂತಿತು. ಹಾಗಾಗಿ ಆ ಲೆಕ್ಕದಲ್ಲಿ ನೀವಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಈಗ 3,500ಕ್ಕೆ ಬೆಂಗಳೂರಿನಲ್ಲಿ ಏನು ಸಿಗುತ್ತದೆ ಹೇಳಿ, ಪಿಜಿಯ ಅರ್ಧ ಮಂಚ? ಅಂಗಡಿಯಾದರೆ 14 ಚದರ ಮೀಟರ್ ಒಳಗಿರಬೇಕು, ಅಂದರೆ ಸುಮಾರು 150 ಚದರ ಅಡಿ. ನಿಮ್ಮ ಯಜಮಾನರ ಅಂಗಡಿ ಹತ್ತಡಿಗೆ ಹನ್ನೆರಡಡಿ ಅಂತ ಬರೆದಿದ್ದೀರಿ. ಅಳತೆ ಒಳಗೇ ಬರುತ್ತದೆ, ಆದರೆ ಬಾಡಿಗೆಯ ಮಿತಿ ಅಲ್ಲೂ ಅಡ್ಡ ಬರುತ್ತದೆ. ಒಮ್ಮೆ ವಕೀಲರಿಗೆ ತೋರಿಸಿ. ಕಾಯ್ದೆಯ ಹೊರಗಿದ್ದರೆ ಉಳಿಯುವುದು ನಿಮ್ಮ ಅಗ್ರಿಮೆಂಟು. ಅದೂ ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ ಪ್ರಕಾರ ತಿಂಗಳ ಬಾಡಿಗೆಯವರಿಗೆ 15 ದಿನದ ನೋಟಿಸ್ ಸಾಕು. ಹದಿನೆಂಟು ವರ್ಷಕ್ಕೆ ಹದಿನೈದು ದಿನ.

ಹಾಗಂತ ಬೇರೆ ದಾರಿಯೇ ಇರಲಿಲ್ಲ ಅಂತಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಒಂದು ನೀತಿ ತಂದಿತು. ಮೆಟ್ರೊ, ಬಸ್ ನಿಲ್ದಾಣಗಳ ಸುತ್ತ ಹೆಚ್ಚು ಕಟ್ಟಲು ಬಿಡಿ, ಆದರೆ ಹಾಗೆ ಕೊಟ್ಟ ಎಫ್‌ಎಆರ್‌ನಲ್ಲಿ ಒಂದು ಪಾಲು, ಅಂದರೆ ನೂರಕ್ಕೆ 30ರಷ್ಟು, ಕಡಿಮೆ ಆದಾಯದವರ ಕೈಗೆಟುಕುವ ಮನೆಗೆ ಮೀಸಲಿಡಿ ಎನ್ನುತ್ತದೆ ಅದು. ಓದಲು ಚೆನ್ನಾಗಿದೆ. ಮೂವತ್ತು ನಲವತ್ತರ ಸೈಟಿನಲ್ಲಿ ಅದನ್ನು ಮಾಡಿಸುವುದು ಯಾರು, ಹೇಗೆ? ಅಲ್ಲಿಗೆ ನಿಲ್ಲುತ್ತದೆ. ನಾನು ಕೇಳುವುದಾದರೆ ಇಷ್ಟೇ ಕೇಳುತ್ತೇನೆ. ಹೆಚ್ಚಿನ ಮಹಡಿಗೆ ಅನುಮತಿ ಕೊಡುವಾಗ, ಅಲ್ಲಿ ಮೊದಲಿದ್ದ ಅಂಗಡಿಗೆ ಹೊಸ ಕಟ್ಟಡದಲ್ಲಿ ಅಷ್ಟೇ ಅಳತೆಯ ಜಾಗ, ಕೆಲವು ವರ್ಷ ಹಳೆಯ ಬಾಡಿಗೆಗೆ, ಎಂದು ಒಂದು ಸಾಲು ಸೇರಿಸಿ. ಹೆಚ್ಚುವರಿ ಮಹಡಿ ಓನರ್ ದುಡಿದದ್ದಲ್ಲ, ಊರಿನ ದುಡ್ಡಲ್ಲಿ ಕಟ್ಟಿದ ನಿಲ್ದಾಣ ಕೊಟ್ಟದ್ದು. ಅದರಲ್ಲಿ ನೂರಿಪ್ಪತ್ತು ಚದರ ಅಡಿ ಕೇಳಿದರೆ ಜಾಸ್ತಿಯೇನಲ್ಲ.

ನಿಮ್ಮ ರಾಗಿಗುಡ್ಡದಲ್ಲೇ ಇದಕ್ಕೆ ಹತ್ತಿರದ ಒಂದು ಉದಾಹರಣೆ ಇದೆ ನೋಡಿ. ಅಲ್ಲಿನ ಕೊಳೆಗೇರಿಯವರನ್ನು ಊರಾಚೆ ಕಳಿಸದೆ, ನಗರಗಳಿಗಾಗಿ ಕೇಂದ್ರ ಸರ್ಕಾರ ತಂದಿದ್ದ ಜೆ-ನರ್ಮ್ ಯೋಜನೆಯಲ್ಲಿ ಅಲ್ಲೇ ಬಹುಮಹಡಿ ಮನೆ ಕಟ್ಟಿದರು. ಕೆಲಸ ಎಳೆದಾಡಿತು. ಜನ ಶೆಡ್ಡುಗಳಲ್ಲಿ ಕಾದರು. ಅದನ್ನು ಹೊಗಳುವಷ್ಟು ಧೈರ್ಯ ನನಗಿಲ್ಲ. ಆದರೂ ಜೆ.ಪಿ. ನಗರದಂಥ ಕಡೆ, ನಿಲ್ದಾಣದ ಹತ್ತಿರ, ಮನೆಗೆಲಸದವರು, ಆಟೋದವರು ಇವತ್ತಿಗೂ ಉಳಿದಿದ್ದಾರೆ. ಕೊಳೆಗೇರಿ ಎಂದು ಪಟ್ಟಿಯಲ್ಲಿ ಬಂದರೆ ಒಂದು ಬಾಗಿಲಾದರೂ ಇದೆ. ಗೋಡೆಗೆ ಬಣ್ಣ ಬಳಿದ ಬಾಡಿಗೆ ಮನೆಯಲ್ಲಿದ್ದರೆ ಅದೂ ಇಲ್ಲ.

2031ರವರೆಗಿನ ಮಾಸ್ಟರ್ ಪ್ಲಾನಿನ ಕರಡು ಬಂದಿತ್ತು. 2020ರಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಹೀಗೆ 2015ರವರೆಗಿನ ಪ್ಲಾನಿನ ಮೇಲೆ 2025ರ ರೈಲು ಓಡುತ್ತಿದೆ. ಮುಂದಿನ ಕರಡು ಬಂದಾಗ ಆಕ್ಷೇಪಣೆ ಕರೆಯುತ್ತಾರೆ. ಬಾಡಿಗೆಯವರೂ ಬರೆದು ಕೊಡಬಹುದು. ಆಗ ಈ ಪತ್ರಿಕೆಯಲ್ಲಿ ಎಲ್ಲಿ, ಹೇಗೆ, ಯಾವ ತಾರೀಕಿನೊಳಗೆ ಎಂದು ಎರಡು ಪುಟ ಹಾಕುತ್ತೇವೆ. ಹೊಗಳಿಕೆಗೆ ನಾಲ್ಕು ಪುಟ ಕೊಟ್ಟವರಿಗೆ ಎರಡು ಪುಟ ಭಾರವಲ್ಲ.

ನಿಮ್ಮ ಪತ್ರದ ಕೊನೆಗೆ ಒಂದು ಸಾಲಿತ್ತು. "ಆ ರೈಲು ಹತ್ತಿದ್ದು ಒಂದೇ ಸಲ, ನಾನಿನ್ನೂ ಬಸ್ಸಲ್ಲೇ." ನನಗೆ ಬಹಳ ಹೊತ್ತು ಕಾಡಿದ್ದು ಇದೇ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿತು. ಅತಿ ಹೆಚ್ಚಿನ ಟಿಕೆಟ್ 60ರಿಂದ 90 ರೂಪಾಯಿಗೆ ಹೋಯಿತು. ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ದುಡ್ಡೇ ಇಲ್ಲ. ಬಸ್ಸಿಗೇ ಹೋಗುತ್ತೀರಿ, ಯಾರಾದರೂ ಹಾಗೇ ಮಾಡುತ್ತಾರೆ. ಕೋಣನಕುಂಟೆ ಕಡೆ ಮನೆ ನೋಡುತ್ತಿದ್ದೇವೆ ಎಂದಿದ್ದೀರಿ. ಅಲ್ಲೂ ಹಸಿರು ಮಾರ್ಗದ ನಿಲ್ದಾಣ ಇದೆ. ನಿಲ್ದಾಣದಿಂದ ಒಂದಿಷ್ಟು ಒಳಗೆ, ಬಸ್ಸು ಸಿಗುವ ರಸ್ತೆಗೆ ಹತ್ತಿರ ನೋಡಿ. ನಿಲ್ದಾಣದ ಬೆನ್ನಿಗೇ ಬೇಡ. ಇದನ್ನು ಬರೆಯುವಾಗ ನನಗೇ ನಾಚಿಕೆ ಆಗುತ್ತದೆ. ಮೆಟ್ರೊ ಪರವಾಗಿ ಎರಡು ಪುಟ ವಾದ ಮಾಡಿ ಕೊನೆಗೆ ಮೆಟ್ರೊದಿಂದ ದೂರ ಹೋಗಿ ಅನ್ನುತ್ತಿದ್ದೇನೆ.

ಹೊರಡುವ ಮುಂಚೆ ಒಂದೆರಡು ಕೆಲಸ. ಓನರ್ ಹತ್ತಿರ ಕೂತು ಮಾತಾಡಿ, ಕಟ್ಟಿದ ಮೇಲೆ ಕೆಳಗಿನ ಒಂದು ಅಂಗಡಿ ನಿಮಗೇ ಎಂದು, ಬಾಡಿಗೆ ಎಷ್ಟೆಂದೂ ಸೇರಿಸಿ, ಬರೆಸಿಕೊಳ್ಳಲು ನೋಡಿ. ಒಳ್ಳೆಯವರು ಎಂದಿದ್ದೀರಲ್ಲ, ಒಪ್ಪಿದರೂ ಒಪ್ಪಬಹುದು. ಬಾಯಿ ಮಾತು ಬೇಡ, ಛಾಪಾ ಕಾಗದದ ಮೇಲಿರಲಿ. ಹಳೇ ಗಿರಾಕಿಗಳ ಫೋನ್ ನಂಬರನ್ನೆಲ್ಲ ಯಜಮಾನರು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಅಂಗಡಿ ಬಾಗಿಲಿಗೆ ಹೊಸ ವಿಳಾಸದ ಬೋರ್ಡು ಕಟ್ಟಡ ಕೆಡವುವ ದಿನದವರೆಗೂ ಇರಲಿ. ಮತ್ತೆ, ಹತ್ತು ತಿಂಗಳ ಅಡ್ವಾನ್ಸ್ ಪೂರ್ತಿ ಕೈಗೆ ಬರುವವರೆಗೆ ಬೀಗದ ಕೈ ಕೊಡಬೇಡಿ.